ಹುಡುಗರನ್ನು ಬಿಡಿಸಿದರೆ ಮನೆ ನಡೆಸುವವರು ಯಾರು?

"ಸರ, ಹುಡುಗರನ್ನ ಕೆಲಸದಿಂದ ಬಿಡಿಸ್ರಿ ಅಂತೀರಿ. ಆಮ್ಯಾಲ ಅವರ ಮನಿ ನಡಸೋರು ಯಾರ್ರಿ?"

ಹಾವೇರಿ ಜಿಲ್ಲೆಯಲ್ಲಿ ಮೇಷ್ಟ್ರಾಗಿರುವ ನನಗೆ ಪಾಲಕರು, ರೈತರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಇದನ್ನೇ ಕೇಳುತ್ತಾರೆ. ಬಡತನ ಕಂಡವರೇ ಹೀಗೆ ಕೇಳುತ್ತಾರೆ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಮಕ್ಕಳು ದುಡಿದು ಆ ಮನೆಯ ಬಡತನ ತೀರುತ್ತಿಲ್ಲ. ಅಪ್ಪ ಅಮ್ಮನ ಕೂಲಿಯೇ ಇಳಿಯುತ್ತಿದೆ.

ಮಕ್ಕಳು ದುಡಿಯುವ ಹತ್ತಿ ಬೀಜದ ಪ್ಲಾಟ್‌ಗಳನ್ನೇ, ಅಂದರೆ ಬಿತ್ತನೆ ಬೀಜ ತಯಾರಿಸುವ ಹೊಲಗಳನ್ನೇ ನೋಡಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ತಳಿ ಬಂದ ಮೇಲೆ ಹೈಬ್ರಿಡ್ ಹತ್ತಿ ನಮ್ಮ ಕಡೆ ಮನೆಮಾತಾಯಿತು. ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾಯಿತು. ಆದರೆ ಆ ಬೀಜ ತಾನಾಗಿ ಕಟ್ಟುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಹುಡುಕಿ, ಬಿಡಿಸಿ, ಒಳಗಿನ ಗಂಡು ಭಾಗವನ್ನು ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗ ಸವರಬೇಕು. ಜನ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಒಂದೊಂದೇ ಹೂವಿಗೆ, ವಾರಗಟ್ಟಲೆ, ಔಷಧಿ ಹೊಡೆದ ಗಿಡಗಳ ನಡುವೆ ನಿಂತು.

ಇದಕ್ಕೆ ಸಣ್ಣ ಬೆರಳೇ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೆಂಗಸರು ಈ ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಮಕ್ಕಳಾದರೆ ಕೂಲಿ ಕಡಿಮೆ, ಎದುರು ಮಾತಾಡಲ್ಲ, ಅಷ್ಟೇ. ಮಗಳು ಕಡಿಮೆ ಕೂಲಿಗೆ ಸಿಗುವಾಗ ತಾಯಿಗೆ ಪೂರ್ತಿ ಕೂಲಿ ಯಾರು ಕೊಡುತ್ತಾರೆ?

ಮನೆಯವರ ಹೊಲದಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸಬಹುದು ಅಂತ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಆದರೆ ಪರಾಗ ಸವರುವುದು ಬೆಳಗ್ಗೆ, ಶಾಲೆಯ ಹೊತ್ತಿಗೇ ಅಲ್ವಾ? ಬೇರೆಯವರ ಪ್ಲಾಟ್ ಆದರಂತೂ 14 ವರ್ಷದೊಳಗಿನವರಿಗೆ ಪೂರ್ತಿ ನಿಷೇಧ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20ರಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ.

ಮನೆಯವರನ್ನು ನಿಜವಾಗಿ ಕಟ್ಟಿಹಾಕುವುದು ಅಡ್ವಾನ್ಸ್. ಕೈ ಖಾಲಿ ಇದ್ದಾಗ, ಕೂಲಿಗೆ ಆಳು ಕರೆದೊಯ್ಯುವ ಮೇಸ್ತ್ರಿ ಮುಂಗಡವಾಗಿ ದುಡ್ಡು ಕೊಡುತ್ತಾನೆ. ಅದು ತೀರುವವರೆಗೆ ಮಗು ಅಲ್ಲೇ. ಇಂಥ ಸಾಲವನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಳಿಸಿಹಾಕಿದೆ, ತೀರಿಸಬೇಕಿಲ್ಲ. ಇದು ಗೊತ್ತಿರುವ ಪಾಲಕರು ತೀರಾ ಕಡಿಮೆ.

ಪ್ಲಾಟ್‌ನಿಂದ ವಾಪಸ್ ಬಂದ ಹುಡುಗಿಯೊಬ್ಬಳು ನನ್ನನ್ನು ಮೊದಲು ಕೇಳಿದ್ದು, "ಸರ, ಹಾಜರಿಯೊಳಗ ನನ್ನ ಹೆಸರು ಇನ್ನೂ ಐತೇನ್ರಿ?" ಇತ್ತು. ಇಲ್ಲದಿದ್ದರೂ ಸೇರಿಸಿಕೊಳ್ಳುತ್ತಿದ್ದೆವು. 14 ವರ್ಷದವರೆಗಿನ ಮಕ್ಕಳನ್ನು ವರ್ಷದ ಮಧ್ಯದಲ್ಲಿ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ತಪ್ಪಿದ ಪಾಠ ಬೇರೆಯಾಗಿ ಕಲಿಸಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವಂತಿಲ್ಲ.

ಹೀಗೆ ದುಡಿಯುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ. ಯಾವ ಊರು, ಯಾವ ಹೊಲ ಅಂತ ಸರಿಯಾಗಿ ಹೇಳಿ. ಅಡ್ವಾನ್ಸ್ ಪಡೆದಿದ್ದರೆ ಅದನ್ನೂ ಹೇಳಿ. ಜೀತ ಅಂತ ಸಾಬೀತಾದರೆ ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಸಿಗುತ್ತದೆ, ಅದರ ಮೇಲೆ 30,000 ರೂಪಾಯಿವರೆಗೆ ತಕ್ಷಣದ ನೆರವು. ಆ ಪತ್ರ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ. ಅದಿಲ್ಲದಿದ್ದರೆ ಮನೆಯವರು ಮತ್ತೆ ಅದೇ ಮೇಸ್ತ್ರಿಯ ಹತ್ತಿರ ಹೋಗಬೇಕಾಗುತ್ತದೆ.