'ಥಟ್ ಅಂತ ಹೇಳಿ' ಮುಗಿದ ಮೇಲಿನ ಮಾತು

ಹೋದ ತಿಂಗಳು ನನಗೂ ನನ್ನ ತಂಗಿಗೂ ನಾಲ್ಕು ದಿನ ಒಂದೇ ವಾದ. 'ಮೇಜು' ಅನ್ನುವ ಪದ ಕನ್ನಡಕ್ಕೆ ಯಾವ ಭಾಷೆಯಿಂದ ಬಂತು? ಅವಳು ಪೋರ್ಚುಗೀಸ್ ಅಂದಳು, ನಾನು ಪಾರಸಿ ಅಂದೆ.

ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' ನೋಡಿದ ಮೇಲೆ ಶುರುವಾದ ವಾದ ಇದು. ಕಾರ್ಯಕ್ರಮದಲ್ಲಿ ಮೇಜಿನ ಪ್ರಶ್ನೆ ಬಂದಿರಲಿಲ್ಲ. ಬೇರೆ ಯಾವುದೋ ಪದದ ವಿಷಯ ಬಂತು, ಮುಗಿದ ಕೂಡಲೇ ಅವಳು ಫೋನ್ ಮಾಡಿದಳು, ಒಂದು ಪದದಿಂದ ಇನ್ನೊಂದಕ್ಕೆ ಹೋಗ್ತಾ ಹೋಗ್ತಾ ಮೇಜಿನ ಹತ್ತಿರ ಬಂದು ನಿಂತೆವು. ನಮ್ಮಿಬ್ಬರಿಗೂ ಇದು ಹೊಸದಲ್ಲ. 2002ರ ಜನವರಿಯಲ್ಲಿ ಈ ಕಾರ್ಯಕ್ರಮ ಶುರುವಾದಾಗ ನಾವು ಶಾಲೆಗೆ ಹೋಗುತ್ತಿದ್ದೆವು. ಆಗ ಒಂದೇ ಮನೆಯಲ್ಲಿ ಅಕ್ಕಪಕ್ಕ ಕೂತು ನೋಡುತ್ತಿದ್ದೆವು, ಈಗ ಎರಡು ಊರಲ್ಲಿ ಕೂತು ನೋಡುತ್ತೇವೆ. ಅಪ್ಪ ಆಗ ಮಾಡಿದ್ದ ನಿಯಮ ಇವತ್ತಿಗೂ ಹಾಗೇ ಇದೆ: ಸ್ಪರ್ಧಿ ಬಾಯಿ ತೆರೆಯುವ ಮುಂಚೆ ಜೋರಾಗಿ ಹೇಳಿದರೆ ಮಾತ್ರ ಲೆಕ್ಕ. ಆಮೇಲೆ "ನನಗೂ ಗೊತ್ತಿತ್ತು" ಅನ್ನುವ ಹಾಗಿಲ್ಲ.

ಡಾ. ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಮೂರು ಸಾವಿರಕ್ಕೂ ಜಾಸ್ತಿ ಕಂತುಗಳನ್ನು ಅವರು ನಡೆಸಿಕೊಟ್ಟಿದ್ದಾರೆ. ಬಹುಮಾನ ಅಂದರೆ ಪುಸ್ತಕ. ಕೋಟಿ ಇಲ್ಲ, ಲಕ್ಷ ಇಲ್ಲ, ಎದೆ ಡವಡವ ಅನ್ನಿಸುವ ಸಂಗೀತ ಇಲ್ಲ. ನನಗೆ ತುಂಬಾ ಇಷ್ಟವಾಗೋದು ಅದೇ. ದುಡ್ಡಿನ ಆಟದಲ್ಲಿ ಕೂತಿರುವವರ ಮುಖ ನೋಡ್ತೀವಿ, ಅಯ್ಯೋ ಪಾಪ ಸೋತರಲ್ಲಾ ಅಂತ ಮರುಗುತ್ತೀವಿ. ಇಲ್ಲಿ ಪ್ರಶ್ನೆಯನ್ನೇ ನೋಡ್ತೀವಿ.

ಮೇಜಿಗೆ ಬರ್ತೀನಿ. ತಂಗಿಯ ವಾದ ಗಟ್ಟಿಯಾಗೇ ಇತ್ತು. ಚಾವಿ, ಅಲ್ಮೇರಾ, ಇಸ್ತ್ರಿ, ಅನಾನಸ್, ಎಲ್ಲವೂ ಪೋರ್ಚುಗೀಸರ ಕಡೆಯಿಂದ ಬಂದ ಪದಗಳು. ಗೋವೆ ನಮ್ಮ ಪಕ್ಕದಲ್ಲೇ ಇದೆ. ಪೋರ್ಚುಗೀಸಿನಲ್ಲಿ ಮೇಜಿಗೆ 'ಮೆಸ' ಅಂತಾರೆ, ಮಲಯಾಳದಲ್ಲಿ 'ಮೇಶ', ತಮಿಳಿನಲ್ಲಿ 'ಮೇಸೈ'. ಹಾಗಿರುವಾಗ ಕನ್ನಡದ್ದು ಮಾತ್ರ ಬೇರೆ ಕಡೆಯಿಂದ ಯಾಕೆ ಬರಬೇಕು ಅಂತ ಅವಳ ಪ್ರಶ್ನೆ.

ನಾನು ಬೇರೆ ಕಡೆಯಿಂದ ಹೊರಟೆ. ಪಾರಸಿಯಲ್ಲಿ 'ಮೇಜ್' ಅಂತಲೇ ಇದೆ. ಮೇಜಿನ ಜೊತೆಗಾರ ಕುರ್ಚಿ ಅರಬ್ಬಿಯ 'ಕುರ್ಸಿ'ಯಿಂದ ಬಂದದ್ದು. ದಫ್ತರ, ಗುಮಾಸ್ತ, ಸರ್ಕಾರ, ಜಮೀನು, ಹೀಗೆ ಕಚೇರಿಯ ಪದಗಳೆಲ್ಲ ಆ ದಾರಿಯಲ್ಲೇ ಬಂದಿವೆ. ಇನ್ನೊಂದು ಮಾತೂ ಸೇರಿಸಿದೆ: ಪೋರ್ಚುಗೀಸಿನದ್ದಾಗಿದ್ದರೆ ನಮ್ಮಲ್ಲೂ 'ಮೇಸ' ಅಂತಲೋ 'ಮೇಶ' ಅಂತಲೋ ಆಗಬೇಕಿತ್ತು, 'ಜ' ಎಲ್ಲಿಂದ ಬಂತು? ಗೆದ್ದೆ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆಯೇ ಫೋನ್ ಬಂತು. "ಅಕ್ಕಾ, ಪೋರ್ಚುಗೀಸರು ಎರಡು ಸ್ವರದ ನಡುವೆ ಬರುವ ಸಕಾರವನ್ನು ಇಂಗ್ಲಿಷಿನ 'ಜೂ' ಅನ್ನೋ ಪದದ ಮೊದಲ ಸದ್ದಿನ ಹಾಗೆ ಹೇಳ್ತಾರೆ ಕಣೇ. ಬರೆಯೋದು ಮೆಸ, ಹೇಳೋದು ಹೆಚ್ಚುಕಡಿಮೆ ಮೇಜ!" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾರಸಿಯ ಜಮೀನ್ ನಮ್ಮಲ್ಲಿ ಜಮೀನು ಆದ ಹಾಗೆಯೇ ಪೋರ್ಚುಗೀಸಿನ ಸದ್ದೂ ಕನ್ನಡದ ನಾಲಗೆಯಲ್ಲಿ 'ಜ' ಆಗಬಹುದು. ಎರಡೂ ದಾರಿ ತೆರೆದಿವೆ.

ಅಲ್ಲಿಂದ ಮಾತು ಪ್ರಶ್ನೆ ತಯಾರಿಸುವವರ ಕಡೆ ತಿರುಗಿತು. ಮೇಜಿನ ಪ್ರಶ್ನೆಯಲ್ಲಿ ಪಾರಸಿ, ಪೋರ್ಚುಗೀಸ್ ಎರಡನ್ನೂ ಆಯ್ಕೆಗಳಲ್ಲಿ ಇಟ್ಟರೆ ಅದು ಕೆಟ್ಟ ಪ್ರಶ್ನೆ. ಚಾವಿಯದ್ದು ಕೇಳಿದರೆ ತಕರಾರೇ ಇಲ್ಲ. ಕಷ್ಟದ ಪ್ರಶ್ನೆಗೂ ಒಳ್ಳೆಯ ಪ್ರಶ್ನೆಗೂ ಇರುವ ವ್ಯತ್ಯಾಸ ಇಷ್ಟು ವರ್ಷ ನೋಡಿದ ಮೇಲೆ ನನಗೆ ಗೊತ್ತಾಗಿದೆ. ಕಾರ್ಯಕ್ರಮ ಮುಗಿದ ಮೇಲೆ ಮನೆಯವರೆಲ್ಲ ಸೇರಿ ಎಳೆದಾಡಿದರೂ ಅಲುಗಾಡದೇ ನಿಲ್ಲುವಂಥದ್ದೇ ಒಳ್ಳೆಯ ಪ್ರಶ್ನೆ.

'ಮೊದಲ' ಅನ್ನುವ ಪದ ಇದ್ದರಂತೂ ಮೈಯೆಲ್ಲ ಕಣ್ಣಾಗಿರಬೇಕು. ಕನ್ನಡದ ಮೊದಲ ಶಾಸನ ಯಾವುದು ಅಂದರೆ ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹಲ್ಮಿಡಿ, ಸುಮಾರು 450ರದ್ದು. ಆದರೆ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಇನ್ನೂ ಹಳೆಯದು, ಸುಮಾರು 370ರದ್ದು ಅಂತ ಪುರಾತತ್ವ ಇಲಾಖೆಯವರು ಹೇಳಿದ್ದಾರೆ. ಅಪ್ಪ ಇವತ್ತಿಗೂ ಹಲ್ಮಿಡಿ ಬಿಟ್ಟುಕೊಡೋದಿಲ್ಲ. ಸಿನಿಮಾದ್ದೂ ಹೀಗೇ. ಕನ್ನಡದ ಮೊದಲ ವಾಕ್ಚಿತ್ರ ಅಂತ ಸುಮ್ನೆ ಕೇಳಿದರೆ ಜಗಳ ಗ್ಯಾರಂಟಿ. 'ಭಕ್ತ ಧ್ರುವ' ಮೊದಲು ತಯಾರಾಗಿದ್ದು, ತೆರೆಗೆ ಮೊದಲು ಬಂದದ್ದು 1934ರ ಮಾರ್ಚ್‌ನಲ್ಲಿ 'ಸತಿ ಸುಲೋಚನ'. 'ಬಿಡುಗಡೆಯಾದ' ಅನ್ನೋ ಒಂದೇ ಒಂದು ಪದ ಸೇರಿಸಿದರೆ ಪ್ರಶ್ನೆ ನೆಟ್ಟಗಾಗುತ್ತದೆ. ಇಷ್ಟು ಸಣ್ಣ ಎಚ್ಚರ, ಆದರೆ ಅದನ್ನು ಪಾಲಿಸಿದವರ ಬಗ್ಗೆ ನನಗೆ ತುಂಬಾ ಗೌರವ.

ಗೊತ್ತಿರುವ ವಿಷಯವನ್ನೇ ಸ್ವಲ್ಪ ತಿರುಗಿಸಿ ಕೇಳುವ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಕುವೆಂಪು ಅಂತ ಮಕ್ಕಳಿಗೂ ಗೊತ್ತು. 1967ರ ಆ ಪ್ರಶಸ್ತಿಯನ್ನು ಅವರು ಯಾರ ಜೊತೆ ಹಂಚಿಕೊಂಡರು ಅಂತ ಕೇಳಿ ನೋಡಿ, ಮನೆ ಪೂರ್ತಿ ಸುಮ್ಮನಾಗುತ್ತದೆ. ಗುಜರಾತಿಯ ಉಮಾಶಂಕರ ಜೋಶಿ. ಮನೆಮಾತು ಕನ್ನಡವಲ್ಲದ ಕನ್ನಡದ ಜ್ಞಾನಪೀಠಿಗಳು ಯಾರು ಅಂತ ಕೇಳಿ, ಮಾತು ಬೇಗ ಮುಗಿಯೋದೇ ಇಲ್ಲ. ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಇದನ್ನು ಯೋಚಿಸ್ತಾ ಯೋಚಿಸ್ತಾ ತಂಗಿ ಒಮ್ಮೆ ಫೋನಿನಲ್ಲೇ ಬೇಂದ್ರೆಯವರ ಒಂದು ಪದ್ಯ ಪೂರ್ತಿ ಹೇಳಿಬಿಟ್ಟಳು. ಕ್ವಿಜ್ ಅಲ್ಲಿಗೇ ನಿಂತಿತು, ಇನ್ನೊಂದು ಸಲ ಹೇಳು ಅಂದೆ.

'ಕನ್ನಡದ ಕೋಟ್ಯಧಿಪತಿ'ಯನ್ನೂ ನಾವು ಬಿಡದೆ ನೋಡಿದವರೇ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅದನ್ನು ಶುರು ಮಾಡಿದಾಗ ಎದುರಿಗೆ ಕೂತವರ ಕಷ್ಟಸುಖ ಅವರು ಕೇಳುತ್ತಿದ್ದ ರೀತಿಗೆ ಅಮ್ಮ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದಾರೆ. ಆ ಆಟದ ಕೌಶಲ ಬೇರೆ. ನಾಲ್ಕು ಆಯ್ಕೆ ಕಣ್ಣೆದುರಿಗೇ ಇರುತ್ತವೆ, ಉತ್ತರ ಪೂರ್ತಿ ನೆನಪಿಲ್ಲದಿದ್ದರೂ ಗುರುತು ಹಿಡಿದರೆ ಸಾಕು, ಇಲ್ಲದಿದ್ದರೆ ಒಂದೊಂದನ್ನೇ ತೆಗೆದುಹಾಕುತ್ತಾ ಬರಬಹುದು. ತಂಗಿ ಅದರಲ್ಲಿ ನನಗಿಂತ ಚುರುಕು. ಆಯ್ಕೆಗಳೇ ಇಲ್ಲದೆ ಕೇಳಿದರೆ ನಾನು ಸ್ವಲ್ಪ ಮುಂದೆ. ಹಾಗಾಗಿ ನಮ್ಮ ನಮ್ಮಲ್ಲೇ ಆಡುವಾಗ ಆಯ್ಕೆ ಕೊಡಬೇಕೋ ಬೇಡವೋ ಅನ್ನೋದೇ ದೊಡ್ಡ ಚರ್ಚೆ.

ಮೊನ್ನೆ ಅವಳು ಆಯ್ಕೆ ಕೊಡದೇ ಕೇಳಿದಳು: "ಮೇಸ್ತ್ರಿ. ಯಾವ ಭಾಷೆ? ಥಟ್ ಅಂತ ಹೇಳು." ಇಂಗ್ಲಿಷಿನ ಮಾಸ್ಟರ್ ಅಂದೆ. ಅಲ್ಲ, ಪೋರ್ಚುಗೀಸಿನ 'ಮೆಸ್ತ್ರೆ' ಅಂದಳು, ನಿಘಂಟಿನ ಪುಟದ ಫೋಟೋ ತೆಗೆದು ಕಳಿಸಿದಳು. ಹುಡುಕಿ ನೋಡಿದೆ, ಅವಳು ಹೇಳಿದ್ದು ಸರಿ. ಆ ಪಾಯಿಂಟ್ ಅವಳಿಗೆ ಬರೆದಿದ್ದೇನೆ. ಮೇಜಿನದ್ದು ಮಾತ್ರ ಯಾರಿಗೂ ಬರೆದಿಲ್ಲ.