ಒಂಬತ್ತನೇ ಜೋಡಿ

ಮಿರ್ಗ ಮಳೆ ಹಿಡಿದು ಮೂರನೇ ದಿನ. ಶಿರಸಿ ಪಕ್ಕದ ಅತ್ತೆ ಮನೆಯ ಮೆತ್ತಿನ ಮೇಲೆ ಬೆಳಿಗ್ಗೆಯಿಂದ ಕೂತು ನಾನು ಹದಿನೆಂಟು ಜೋಡಿ ಸ್ಲೈಡ್ ಫಿಲ್ಮ್ ತುಂಡುಗಳನ್ನು ಮೌಂಟಿಗೆ, ಅಂದರೆ ಸ್ಲೈಡಿನ ಚೌಕಟ್ಟಿಗೆ, ಕೂರಿಸುತ್ತಿದ್ದೆ. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ತ್ರೀಡಿ ಚಿತ್ರ ತೋರಿಸುತ್ತೇನೆಂದು ಬಾಯಿ ಬಿಟ್ಟಾಗಿತ್ತು. ಆಚೀಚೆ ಮನೆಗೂ ಸುದ್ದಿ ಮುಟ್ಟಿತ್ತು.

ಎರಡು ಮಸೂರದ ಸ್ಟೀರಿಯೊ ಕ್ಯಾಮೆರಾ ನನ್ನಲ್ಲಿರಲಿಲ್ಲ. ಇದ್ದದ್ದು ಒಂದೇ ಎಸ್‌ಎಲ್‌ಆರ್. ಎಡಗಾಲಿಗೆ ಭಾರ ಹಾಕಿ ಒಂದು ಚಿತ್ರ, ಬಲಗಾಲಿಗೆ ವಾಲಿ ಇನ್ನೊಂದು. ಎರಡು ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರ. ಕ್ಯಾಮೆರಾ ಅಷ್ಟು ಸರಿದರೆ ಆಯಿತು. ಆದರೆ ವಾಲುವಾಗ ಮೈ ತುಸು ಕುಗ್ಗುತ್ತದೆ, ಕೈ ಓರೆಯಾಗುತ್ತದೆ. ಮರದ ಮೇಲೆ ಅಡಿಕೆ ಕೊನೆ ಇಳಿಸುತ್ತಿದ್ದ ಕೊನೆಗೌಡರಿಗೆ "ಹಾಂಗೇ ಇರಿ" ಎಂದು ಕೂಗಿದ್ದೆ. ಅವರು ಪಾಪ ಅಲುಗಾಡಲಿಲ್ಲ, ಮರವೇ ಅಲುಗಾಡಿತು. ಆ ಜೋಡಿ ನೇರ ಕಸದ ಬುಟ್ಟಿಗೆ ಹೋಯಿತು.

ಯಾಣದ ಜೋಡಿಯದು ಬೇರೆ ಕತೆ. ಅತಿ ಹತ್ತಿರದ ವಸ್ತು ಎಷ್ಟು ದೂರವಿದೆಯೋ ಅದರ ಮೂವತ್ತರಲ್ಲೊಂದು ಪಾಲು ಕ್ಯಾಮೆರಾ ಸರಿಸಬೇಕು ಎಂಬುದು ಈ ಕೆಲಸದ ರೂಢಿಯ ಲೆಕ್ಕ. ಬಂಡೆ ಮೂವತ್ತು ಮೀಟರ್ ದೂರ, ಹಾಗಾಗಿ ಒಂದು ಮೀಟರ್ ಪಕ್ಕಕ್ಕೆ ಹೋದೆ. ಮೂಲೆಯಲ್ಲಿ ಎರಡೇ ಮೀಟರ್ ದೂರದ ಒಂದು ಪೊದೆ ತೂರಿಕೊಂಡಿದ್ದನ್ನು ಮಾತ್ರ ನೋಡಿರಲಿಲ್ಲ. ಅದನ್ನು ಯಾವ ಮೌಂಟೂ ಉಳಿಸುವುದಿಲ್ಲ.

ಉಳಿದವಕ್ಕೆಲ್ಲ ಮದ್ದು ಮೇಜಿನ ಮೇಲೆಯೇ. ಹಾಲುಗಾಜಿನ ಪೆಟ್ಟಿಗೆ, ಒಳಗೆ ಟ್ಯೂಬ್‌ಲೈಟ್, ಮೇಲೆ ಚೌಕುಳಿ ಗೆರೆಯ ಪಾರದರ್ಶಕ ಹಾಳೆ. ಎಡದ ತುಂಡಿನಲ್ಲಿ ಒಂದು ಅಡಿಕೆ ಮರದ ಉಂಗುರ ಯಾವ ಗೆರೆ ಮೇಲಿದೆಯೋ, ಬಲದ್ದರಲ್ಲೂ ಅದೇ ಉಂಗುರ ಅದೇ ಗೆರೆಗೆ ಬರುವವರೆಗೆ ಚಿಮಟದಿಂದ ಸರಿಸುವುದು, ಟೇಪು ಹಚ್ಚುವುದು. ಅಡ್ಡಡ್ಡ ವ್ಯತ್ಯಾಸ ಬೇಕು, ಆಳ ಕಾಣುವುದೇ ಅದರಿಂದ. ಮೇಲೆ ಕೆಳಗಿನ ವ್ಯತ್ಯಾಸವನ್ನು ಕಣ್ಣು ಸಹಿಸುವುದಿಲ್ಲ. ಒಂದು ಕಣ್ಣನ್ನು ಮೇಲೆ, ಇನ್ನೊಂದನ್ನು ಕೆಳಗೆ ತಿರುಗಿಸಿ ನಮಗೆ ರೂಢಿಯೇ ಇಲ್ಲ. ತುಂಡುಗಳಿಗೆ ಎಡಕ್ಕೆ ‘ಎ’, ಬಲಕ್ಕೆ ‘ಬ’ ಎಂದು ಬರೆದದ್ದು ಮಳೆಯ ತೇವಕ್ಕೆ ಕಲಸಿಹೋಗಿತ್ತು. ಹತ್ತಿರದ ಮರ ಹಿಂದಿನ ಗುಡ್ಡಕ್ಕಿಂತ ಬಲಕ್ಕೆ ಸರಿದು ಕಂಡರೆ ಅದು ಎಡಗಣ್ಣಿನ ಚಿತ್ರ. ಹಾಗೆ ಒಂದೊಂದನ್ನೇ ಗುರುತು ಹಿಡಿದೆ. ಅದಲುಬದಲಾದರೆ ಗುಡ್ಡ ಮುಂದೆ ಬಂದು ಮರ ಹಿಂದೆ ಹೋಗುತ್ತದೆ. ಗಾಜಿನ ಮೌಂಟಿನೊಳಗೆ ತೇವ ಉಳಿದರೆ ಪ್ರೊಜೆಕ್ಟರಿನ ಕಾವಿಗೆ ಮಂಜು ಕಟ್ಟುತ್ತದೆಂದು ಎಲ್ಲವನ್ನೂ 60 ವ್ಯಾಟ್ ಬಲ್ಬಿಟ್ಟ ಕಪಾಟಿನಲ್ಲಿ ಮೊದಲೇ ಒಣಗಿಸಿದ್ದೆ.

ರಾತ್ರಿ ಎರಡು ಪ್ರೊಜೆಕ್ಟರ್, ಎರಡರ ಮುಂದೂ ಒಂದೇ ಕೋನದ ಬೆಳಕನ್ನಷ್ಟೇ ಬಿಡುವ ಪೋಲರೈಸಿಂಗ್ ಫಿಲ್ಟರ್, ಒಂದು 45 ಡಿಗ್ರಿ ಎಡಕ್ಕೆ ವಾಲಿದ್ದು, ಇನ್ನೊಂದು ಬಲಕ್ಕೆ. ನೋಡುವವರ ರಟ್ಟಿನ ಕನ್ನಡಕದಲ್ಲೂ ಅಂಥವೇ ಫಿಲ್ಟರ್, ಒಂದೊಂದು ಕಣ್ಣಿಗೆ ಅದರದೇ ಚಿತ್ರ. ಬಿಳಿ ಪಂಚೆ ಕಟ್ಟಿದರೆ ಬೆಳಕು ಚದುರಿ ಎರಡೂ ಚಿತ್ರ ಬೆರೆತುಹೋಗುತ್ತವೆ. ಹಾಗಾಗಿ ನಾಲ್ಕಡಿ ಅಗಲದ ಪ್ಲೈವುಡ್ಡಿಗೆ ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟ್ ಬಳಿದಿದ್ದೆ. ಎಂಟು ಜೋಡಿ ಚೆನ್ನಾಗಿ ಹೋದವು. ಮಕ್ಕಳು ತೆರೆಯೊಳಗಿನ ವೀಳ್ಯದೆಲೆಗೆ ಕೈ ಚಾಚಿದರು.

ಒಂಬತ್ತನೆಯದಕ್ಕೆ ಅತ್ತೆ ರಟ್ಟಿನ ಕನ್ನಡಕ ತೆಗೆದರು. "ಕಣ್ಣು ಎಳ್ದಂಗೆ ಆಗ್ತು ತಮಾ."

ಕವಳ ಹಾಕಿಕೊಂಡು ಕಂಬಕ್ಕೆ ತಲೆ ವಾಲಿಸಿ ಕೂತಿದ್ದರು. ತಲೆ ವಾಲಿದರೆ ಫಿಲ್ಟರಿನ ಕೋನ ತಪ್ಪಿ ಎರಡೆರಡು ಕಾಣುವುದು ಸಹಜ. "ತಲೆ ನೆಟ್ಟಗೆ ಇಟ್ಕಂಡು ನೋಡು ಅತ್ತೆ" ಎಂದೆ. ನೋಡಿದರು. "ಈಗ ಎರಡು ಕಾಣ್ತಿಲ್ಲೆ. ಆದ್ರೂ ಎಳೀತು."

ನನಗೆ ಏನೂ ತೊಂದರೆ ಕಾಣಲಿಲ್ಲ. ಕನ್ನಡಕ ತೆಗೆದು ತೆರೆಯ ಹತ್ತಿರ ಹೋದಾಗ ಗೊತ್ತಾಯಿತು: ಒಂದೇ ಉಂಗುರ ಒಂದರಲ್ಲಿ ಬೆರಳಗಲ ಮೇಲಿತ್ತು. ನಾಲ್ಕಡಿ ತೆರೆಗೆ ಚಿತ್ರ ಸುಮಾರು ಮೂವತ್ತೈದು ಪಟ್ಟು ದೊಡ್ಡದಾಗುತ್ತದೆ. ಫಿಲ್ಮಿನ ಮೇಲೆ ಆ ತಪ್ಪು ಅರ್ಧ ಮಿಲಿಮೀಟರೂ ಇಲ್ಲ. ಬೆಳಿಗ್ಗೆಯಿಂದ ಅದನ್ನೇ ಇಪ್ಪತ್ತು ಸಲ ನೋಡಿ ನನ್ನ ಕಣ್ಣು ಹೊಂದಿಕೊಂಡುಬಿಟ್ಟಿತ್ತು. ಮೌಂಟ್ ಮಾಡಿದವನ ಕಣ್ಣು ಲಂಚ ತಿಂದ ಸಾಕ್ಷಿಯ ಹಾಗೆ.

ಸುಲಭದ ದಾರಿ ಹಿಡಿದೆ. ಪ್ರೊಜೆಕ್ಟರಿನ ಮುಂಗಾಲಿಗೆ ಒಂದು ಅಡಿಕೆ ಹೋಳು ಕೊಟ್ಟೆ. ಒಂಬತ್ತನೆಯದು ಸರಿಯಾಯಿತು, ಹತ್ತನೆಯದು ಕೆಟ್ಟಿತು. ಹೋಳು ತೆಗೆದೆ.

ಎಲ್ಲರೂ ಹೋದ ಮೇಲೆ ಮೌಂಟ್ ಬಿಚ್ಚಿ, ಟೇಪು ಕಿತ್ತು, ತುಂಡನ್ನು ಕೂದಲೆಳೆಯಷ್ಟೆಷ್ಟೇ ಇಳಿಸುತ್ತ ಮತ್ತೆ ಕೂರಿಸುವಾಗ ಹನ್ನೊಂದು ಗಂಟೆ. ಅತ್ತೆ ಇನ್ನೂ ಮಲಗಿರಲಿಲ್ಲ. ಅವರೊಬ್ಬರಿಗೇ ಹಾಕಿದೆ. ನಮ್ಮದೇ ತೋಟ, ಜನವರಿಯದು. ಬಹಳ ಹೊತ್ತು ನೋಡಿದರು. ಕಣ್ಣು ಎಳೆಯಿತೋ ಎಂದು ಕೇಳಿದರೆ ಉತ್ತರವಿಲ್ಲ. ಕೊನೆಗೆ ಹಿಂದಿನ ಸಾಲಿನತ್ತ ಬೆರಳು ತೋರಿಸಿದರು.

"ಆ ಮರ ಹಿಂದಕ್ಕೆ, ಹೊಳೆ ಬದಿಗೆ ಬಗ್ಗಿದ್ದು. ಈ ಮಳೆಗೆ ಬೀಳ್ತು. ನಾಳೆ ಬೆಳಿಗ್ಗೆ ಮಾವಂಗೆ ಹೇಳವು."