ಕ್ಷಾರದ ಕಣ್ಕಟ್ಟು
ಮಗಳ ಶಾಲೆಯ ಪ್ರಯೋಗಕ್ಕೆ ಇಂದು ನಾನು ಕೊಟ್ಟ ಕೊಡುಗೆ: ಸ್ವಲ್ಪ ಜೊಲ್ಲು! ಪಿಷ್ಟದ ದ್ರಾವಣವಿದ್ದ ಮೂರು ಪ್ರನಾಳಗಳಿಗೆ ಅದನ್ನು ಹಂಚಿದೆವು. ಒಂದರಲ್ಲಿ ಆಮ್ಲ, ಒಂದರಲ್ಲಿ ಕ್ಷಾರ, ಇನ್ನೊಂದು ತಟಸ್ಥ. ಆಮೇಲೆ, ಪಿಷ್ಟವಿದ್ದರೆ ನೀಲಿಯಾಗುವ ಅಯೋಡಿನ್ ಹನಿಸಿದರೆ ಆಮ್ಲದ್ದು ಕಡುನೀಲಿ. ಅಲ್ಲಿ ಪಿಷ್ಟ ಒಡೆಯುವ ಜೊಲ್ಲಿನ ಕಿಣ್ವ ಅಮೈಲೇಸ್ ಕೈಚೆಲ್ಲಿ ಕುಳಿತಿತ್ತು. ತಟಸ್ಥದ್ದರಲ್ಲಿ ನೀಲಿಯಿಲ್ಲ, ಪಿಷ್ಟ ಒಡೆದುಹೋಗಿತ್ತು. ಕ್ಷಾರದ್ದರಲ್ಲೂ ನೀಲಿಯಿಲ್ಲ! "ಇಲ್ಲಿಯೂ ಕಿಣ್ವ ಕೆಲಸ ಮಾಡಿದೆ" ಎಂದು ಅವಳು ಬರೆದುಕೊಂಡಳು, ನಾನೂ ತಲೆಯಾಡಿಸಿದೆ. ಅರ್ಧ ಗಂಟೆಯ ಬಳಿಕ ಹೊಳೆಯಿತು: ಪ್ರಬಲ ಕ್ಷಾರ ಅಯೋಡಿನ್ನನ್ನೇ ನುಂಗಿಹಾಕುತ್ತದೆ. ಇಂತಹ ಎಷ್ಟು ಉತ್ತರಗಳಿಗೆ ಈ ಹಿಂದೆ ತಲೆಯಾಡಿಸಿದ್ದೇನೋ. ಕ್ಷಾರವನ್ನು ತಟಸ್ಥಗೊಳಿಸಿ ಮತ್ತೆ ಹನಿಸಿದೆವು. ಕಡುನೀಲಿ.

ಜಠರದ ಕಿಣ್ವ ಪೆಪ್ಸಿನ್ ಮಾತ್ರ ಪಿಎಚ್ 2ರ ಹುಳಿಯಲ್ಲೇ ಚುರುಕು ಎಂದಾಗ ಅವಳು ಕೇಳಿದಳು: "ಹಾಗಾದರೆ ನುಂಗಿದ ಅಮೈಲೇಸ್ ಗತಿ?"